ಬಾಲವಿಲ್ಲದ ಫೋನಿನ ಎರಡು ಬಾಲಗಳು

ಮನೆಮಂದಿಯೆಲ್ಲರ ಕೈಯಲ್ಲೂ ಮೊಬೈಲ್ ಇರುವ ಈ ಕಾಲದಲ್ಲಿ ಮೂಲೆಯ ಮೇಜಿನ ಮೇಲಿನ ದೂರವಾಣಿಯ ಬಗ್ಗೆ ಬರೆಯುವುದೆಂದರೆ, ಗ್ಯಾಸ್ ಒಲೆ ಬಂದ ಮೇಲೆ ಸೌದೆ ಒಲೆಯನ್ನು ಹೊಗಳಿದಂತೆ ಎಂದು ಕೆಲವರಿಗೆ ಅನಿಸೀತು. ಆದರೆ ಮಂಗಳೂರಿನ ನಮ್ಮ ಶಕ್ತಿನಗರದಂಥ ಕಡೆ ನಾಲ್ಕು ಮನೆ ಹೊಕ್ಕು ನೋಡಿ. ಮಕ್ಕಳು ಬೆಂಗಳೂರಿನಲ್ಲೋ ದುಬೈಯಲ್ಲೋ ಮಸ್ಕತ್ತಿನಲ್ಲೋ ಇರುತ್ತಾರೆ. ಮನೆಯಲ್ಲಿ ಎಪ್ಪತ್ತು ದಾಟಿದ ತಾಯಿಯೋ ತಂದೆಯೋ ಇರುತ್ತಾರೆ. ಅವರಿಗೆ ಗಾಜಿನ ಪರದೆಯ ಮೇಲೆ ಬೆರಳು ಜಾರಿಸುವುದು ಆಗದು. ಬೆರಳು ನಡುಗುತ್ತದೆ, ಕಣ್ಣು ಮಂಜು. ಒತ್ತಿದರೆ ಒತ್ತಿದ್ದು ಗೊತ್ತಾಗುವ ಗುಂಡಿಯೇ ಬೇಕು. ಇಪ್ಪತ್ತೈದು ವರ್ಷದಿಂದ ನೆಂಟರಿಷ್ಟರೆಲ್ಲ ಬಾಯಿಪಾಠ ಮಾಡಿಕೊಂಡ ನಂಬರೂ ಅದೇ.

ಇಂಥವರಿಗೆ ಕಾರ್ಡ್‌ಲೆಸ್ ಫೋನ್ ಒಂದು ದೊಡ್ಡ ಉಪಕಾರ ಮಾಡಿದೆ. ಮೊದಲು ರಿಂಗ್ ಕೇಳಿದೊಡನೆ ಅಡುಗೆಮನೆಯಿಂದ ಚಾವಡಿಗೆ ಓಡಬೇಕಿತ್ತು. ಒದ್ದೆ ಕಾಲು, ಹೊಸ್ತಿಲು, ನುಣುಪು ನೆಲ. ವಯಸ್ಸಾದವರು ಬೀಳುವುದಕ್ಕೆ ಇದಕ್ಕಿಂತ ಹೆಚ್ಚೇನು ಬೇಕು? ಈಗ ಫೋನು ಅವರ ಜತೆಗೇ ಬಾವಿಕಟ್ಟೆಗೂ ಬರುತ್ತದೆ, ಮಲಗುವ ಕೋಣೆಗೂ ಬರುತ್ತದೆ. ನಮ್ಮ ಕಡೆಯ ಹಿರಿಯರು ಇದಕ್ಕೆ ‘ಬಾಲ ಇಲ್ಲದ ಫೋನು’ ಎಂದೇ ಹೆಸರಿಟ್ಟಿದ್ದಾರೆ. ಅದು ಕೆಟ್ಟರೆ ಅವರ ಪಾಲಿಗೆ ಹೊರಜಗತ್ತಿನ ಬಾಗಿಲು ಮುಚ್ಚಿದಂತೆ. ಆದ್ದರಿಂದ ಅದನ್ನು ಜೋಡಿಸುವುದು ಹೇಗೆ, ಕೆಟ್ಟಾಗ ಹುಡುಕುವುದು ಹೇಗೆ ಎಂಬುದು ಮನೆಯ ಒಬ್ಬರಿಗಾದರೂ ಗೊತ್ತಿರಬೇಕು. ಆ ಒಬ್ಬರು ಶಾಲೆಗೆ ಹೋಗುವ ಮಗುವೇ ಆಗಬಹುದು ಎಂಬುದು ಮೂರು ದಶಕ ವಿಜ್ಞಾನ ಪಾಠ ಮಾಡಿದ ನನ್ನ ಅನುಭವ.

ತಂತಿ ಎಲ್ಲಿ ಹೋಯಿತು?

ದೂರವಾಣಿಗೂ ಕರ್ನಾಟಕಕ್ಕೂ ಹಳೆಯ ನಂಟು. 1948ರಲ್ಲಿ ಬೆಂಗಳೂರಿನಲ್ಲಿ ಐ.ಟಿ.ಐ. ಕಾರ್ಖಾನೆ ಆರಂಭವಾಯಿತು, ಅದರ ಸುತ್ತಲಿನ ಊರಿಗೆ ದೂರವಾಣಿನಗರವೆಂದೇ ಹೆಸರಾಯಿತು. 1984ರಲ್ಲಿ ಸ್ಥಾಪನೆಯಾದ ಸಿ-ಡಾಟ್ ಸಂಸ್ಥೆ ನಮ್ಮ ಹಳ್ಳಿಗಳ ಬಿಸಿಲು, ಧೂಳು ತಡೆಯುವಂತೆ ರೂಪಿಸಿದ ಗ್ರಾಮೀಣ ಸ್ವಯಂಚಾಲಿತ ವಿನಿಮಯ ಕೇಂದ್ರ 1986ರಲ್ಲಿ ಮೊದಲು ಕೆಲಸ ಆರಂಭಿಸಿದ್ದು ಕಿತ್ತೂರಿನಲ್ಲಿ. ಫೋನಿಗೆ ಅರ್ಜಿ ಹಾಕಿ ವರ್ಷಗಟ್ಟಲೆ ಕಾದ ಕಾಲ ಹೋಗಿ, ಮನೆಮನೆಗೆ ಫೋನು ಬಂದ ಕಾಲಕ್ಕೆ ಗಲ್ಫಿನಿಂದ ಬಂದವರ ಪೆಟ್ಟಿಗೆಯಲ್ಲಿ ಕಾರ್ಡ್‌ಲೆಸ್ ಸೆಟ್ಟುಗಳೂ ಬಂದವು.

ಇದು ಹೇಗೆ ಕೆಲಸ ಮಾಡುತ್ತದೆ? ಸೆಟ್ಟಿನಲ್ಲಿ ಎರಡು ಭಾಗಗಳಿವೆ. ಒಂದು ಮೇಜಿನ ಮೇಲೆ ಕೂರುವ ಬೇಸ್. ಇನ್ನೊಂದು ಕೈಯಲ್ಲಿ ಹಿಡಿಯುವ ಹ್ಯಾಂಡ್‌ಸೆಟ್. ಇವೆರಡರ ನಡುವೆ ಮಾತು ಸಾಗುವುದು ರೇಡಿಯೋ ಅಲೆಗಳ ಮೂಲಕ. ಅಂದರೆ ಇವು ಎರಡು ಪುಟ್ಟ ರೇಡಿಯೋ ನಿಲಯಗಳು. ಎರಡೂ ಪ್ರಸಾರ ಮಾಡುತ್ತವೆ, ಎರಡೂ ಆಲಿಸುತ್ತವೆ. ಆದರೆ ಬಾಲ ಮಾತ್ರ ಮಾಯವಾಗಿಲ್ಲ ನೋಡಿ. ಹ್ಯಾಂಡ್‌ಸೆಟ್ಟಿನ ಬಾಲ ಬೇಸಿಗೆ ಹೋಗಿ, ಒಂದು ಇದ್ದದ್ದು ಎರಡಾಗಿದೆ! ಒಂದು ಬಾಲ ದೂರವಾಣಿ ಲೈನಿಗೆ, ಇನ್ನೊಂದು ಅಡಾಪ್ಟರ್ ಮೂಲಕ ಕರೆಂಟಿಗೆ. ಈ ಎರಡನೆಯ ಬಾಲವನ್ನು ನೆನಪಿಟ್ಟುಕೊಳ್ಳಿ. ಮುಂದೆ ಅದರಿಂದಲೇ ಒಂದು ಸಂಗತಿ ಹೇಳುವುದಿದೆ.

ಹಳೆಯ ಸೆಟ್ಟುಗಳಲ್ಲಿ ಸುಮಾರು 46-49 ಮೆಗಾಹರ್ಟ್ಸ್ ಆವೃತ್ತಿಯ ಅಲೆಗಳಿದ್ದವು. ಒಬ್ಬರ ಮಾತು ಪಕ್ಕದ ಮನೆಯವರ ಸೆಟ್ಟಿನಲ್ಲಿ ಕೇಳಿಸಿ ಪೇಚಿಗಿಡುವುದೂ ಇತ್ತು. ಈಗಿನ ಸೆಟ್ಟುಗಳು ಹೆಚ್ಚಾಗಿ ‘ಡೆಕ್ಟ್’ ಎಂಬ ಪದ್ಧತಿಯವು; ಯುರೋಪಿನಲ್ಲಿ ರೂಪುಗೊಂಡ ಈ ಪದ್ಧತಿಯಲ್ಲಿ ಆವೃತ್ತಿ 1880ರಿಂದ 1900 ಮೆಗಾಹರ್ಟ್ಸ್. ಮಾತು ಅಂಕಿಗಳಾಗಿ ಬದಲಾಗಿ ಹೋಗುವುದರಿಂದ ಕದ್ದು ಕೇಳುವುದು ಸುಲಭವಲ್ಲ. ಸೆಕೆಂಡಿನ ನೂರನೇ ಒಂದು ಭಾಗವನ್ನು 24 ತುಂಡು ಮಾಡಿ, 12 ತುಂಡುಗಳಲ್ಲಿ ಬೇಸ್ ಹೇಳುತ್ತದೆ, 12ರಲ್ಲಿ ಹ್ಯಾಂಡ್‌ಸೆಟ್ ಹೇಳುತ್ತದೆ. ಒಬ್ಬರ ಮಾತು ಮುಗಿದ ಮೇಲೆ ಇನ್ನೊಬ್ಬರು ಎಂಬ ಈ ಶಿಸ್ತು ನಮ್ಮ ತರಗತಿಗಳಲ್ಲಿ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು! ಇದೇ ಡೆಕ್ಟ್ ಪದ್ಧತಿಯ ಆಧಾರದಲ್ಲಿ 1990ರ ದಶಕದಲ್ಲಿ ಮದ್ರಾಸ್ ಐ.ಐ.ಟಿ.ಯ ಪ್ರೊ. ಅಶೋಕ್ ಝುಂಝುನ್‌ವಾಲಾ ಮತ್ತು ಸಂಗಡಿಗರು ‘ಕಾರ್‌ಡೆಕ್ಟ್’ ಎಂಬ ವ್ಯವಸ್ಥೆ ರೂಪಿಸಿ, ತಂತಿ ಎಳೆಯದೆಯೇ ಹಳ್ಳಿಗಳಿಗೆ ಫೋನು ಕೊಡುವ ದಾರಿ ತೋರಿಸಿದರು.

ವಿದ್ಯಾರ್ಥಿಗಳಿಗೆ ಒಂದು ಲೆಕ್ಕ. ಅಲೆಯ ವೇಗವನ್ನು ಆವೃತ್ತಿಯಿಂದ ಭಾಗಿಸಿದರೆ ತರಂಗದೂರ ಸಿಗುತ್ತದೆ. ಸೆಕೆಂಡಿಗೆ 30 ಕೋಟಿ ಮೀಟರನ್ನು 190 ಕೋಟಿಯಿಂದ ಭಾಗಿಸಿ. ಸುಮಾರು 16 ಸೆಂಟಿಮೀಟರ್ ಬರುತ್ತದೆ. ನಿಮ್ಮ ಪೆನ್ಸಿಲಿಗಿಂತ ಚೂರು ಕಡಿಮೆ. 49 ಮೆಗಾಹರ್ಟ್ಸಿಗೆ ಅದೇ ಲೆಕ್ಕ ಮಾಡಿದರೆ ಆರು ಮೀಟರಿಗೂ ಹೆಚ್ಚು.

ಮೊದಲ ದಿನದ ಕೆಲಸ

ಹೊಸ ಸೆಟ್ಟು ಮನೆಗೆ ಬಂದಾಗ ನಾವು ಮಾಡುವ ಮೊದಲ ಕೆಲಸವೆಂದರೆ ಯಾರಿಗಾದರೂ ಫೋನು ಮಾಡಿ ‘ಹೊಸ ಸೆಟ್ಟಿನಿಂದ ಮಾತಾಡ್ತಿದ್ದೇನೆ’ ಎನ್ನುವುದು. ಸ್ವಲ್ಪ ತಾಳಿ. ಮೊದಲು ಜಾಗ ಆರಿಸಿ. ಬೇಸನ್ನು ಮನೆಯ ನಡುಭಾಗದಲ್ಲಿ, ತಲೆಯೆತ್ತರದ ತೆರೆದ ಕಪಾಟಿನ ಮೇಲೆ ಇಡುವುದು ಒಳ್ಳೆಯದು. ಕಬ್ಬಿಣದ ಕಪಾಟು, ಫ್ರಿಜ್, ದೊಡ್ಡ ಕನ್ನಡಿ ಇವುಗಳ ಹಿಂದೆ ಬೇಡ. ಲೋಹ ರೇಡಿಯೋ ಅಲೆಯನ್ನು ಹಿಂದಕ್ಕೆ ತಳ್ಳುತ್ತದೆ. ವೈಫೈ ಪೆಟ್ಟಿಗೆ, ಮೈಕ್ರೋವೇವ್ ಒಲೆ ಇವುಗಳಿಂದಲೂ ಒಂದೆರಡು ಮೀಟರ್ ದೂರವಿರಲಿ. ಕೆಲವು ಕಾರ್ಡ್‌ಲೆಸ್ ಸೆಟ್ಟುಗಳು 2.4 ಗಿಗಾಹರ್ಟ್ಸಿನಲ್ಲಿ ಕೆಲಸ ಮಾಡುತ್ತವೆ. ವೈಫೈಯೂ ಮೈಕ್ರೋವೇವ್ ಒಲೆಯೂ ಹೆಚ್ಚುಕಡಿಮೆ ಅದೇ ಆವೃತ್ತಿಯವು. ಒಂದೇ ಸಂತೆಯಲ್ಲಿ ಮೂವರು ಕೂಗಿದರೆ ಯಾರ ಮಾತೂ ತಿಳಿಯುವುದಿಲ್ಲ.

ನಂತರ ಸೆಲ್. ಹ್ಯಾಂಡ್‌ಸೆಟ್ಟಿನ ಒಳಗೆ ಸಾಮಾನ್ಯವಾಗಿ ಎರಡು ಸಣ್ಣ ರೀಚಾರ್ಜ್ ಸೆಲ್‌ಗಳಿರುತ್ತವೆ: ನಿಕ್ಕಲ್ ಮೆಟಲ್ ಹೈಡ್ರೈಡ್ ಜಾತಿಯವು, ತಲಾ 1.2 ವೋಲ್ಟ್. ಟಿ.ವಿ. ರಿಮೋಟಿನ 1.5 ವೋಲ್ಟಿನ ಮಾಮೂಲು ಸೆಲ್ ಅದೇ ಗಾತ್ರದಲ್ಲಿ ಇರುವುದರಿಂದ ಅಲ್ಲಿ ಸರಿಯಾಗಿ ಕೂರುತ್ತದೆ. ಕೂರುತ್ತದೆಂದು ಹಾಕಬಾರದು. ರೀಚಾರ್ಜ್ ಮಾಡಲಾಗದ ಸೆಲ್ಲನ್ನು ಬೇಸಿನ ಮೇಲಿಟ್ಟು ಚಾರ್ಜ್ ಮಾಡಿದರೆ ಅದು ಸೋರಬಹುದು, ಒಡೆಯಲೂಬಹುದು. ಸೆಲ್ ಹಾಕಿದ ಮೇಲೆ ಸೆಟ್ಟಿನ ಕೈಪಿಡಿ ಹೇಳುವಷ್ಟು ಹೊತ್ತು (ಅನೇಕ ಸೆಟ್ಟುಗಳಿಗೆ 16 ಗಂಟೆಯವರೆಗೂ ಬೇಕು) ಬೇಸಿನ ಮೇಲೆ ಸುಮ್ಮನೆ ಬಿಡಿ.

ಹ್ಯಾಂಡ್‌ಸೆಟ್ ತನ್ನ ಬೇಸನ್ನು ಗುರುತಿಸದಿದ್ದರೆ ‘ನೋಂದಣಿ’ ಮಾಡಬೇಕು. ಬೇಸಿನ ಗುಂಡಿಯನ್ನು ಕೆಲವು ಸೆಕೆಂಡು ಒತ್ತಿ ಹಿಡಿದು, ಹ್ಯಾಂಡ್‌ಸೆಟ್ಟಿನ ಮೆನುವಿನಲ್ಲಿ ನೋಂದಣಿ ಆರಿಸಿ ಗುಪ್ತಸಂಖ್ಯೆ ಒತ್ತುವುದು. ಹೆಚ್ಚಿನ ಸೆಟ್ಟುಗಳಲ್ಲಿ ಅದು 0000. ಡಯಲ್ ಮಾಡುವ ವಿಧಾನ ‘ಟೋನ್’ ಎಂದಿರಲಿ. ನೀವು 5 ಒತ್ತಿದಾಗ ಕೇಳುವ ಸದ್ದು ಒಂದು ಸ್ವರವಲ್ಲ, ಎರಡು: 770 ಹರ್ಟ್ಸ್ ಮತ್ತು 1336 ಹರ್ಟ್ಸ್ ಒಟ್ಟಾಗಿ. ಒಂದು ಸ್ವರ ಆ ಗುಂಡಿ ಯಾವ ಅಡ್ಡಸಾಲಿನದೆಂದು ಹೇಳಿದರೆ ಇನ್ನೊಂದು ಯಾವ ಉದ್ದಸಾಲಿನದೆಂದು ಹೇಳುತ್ತದೆ. ಗಣಿತದಲ್ಲಿ ಗ್ರಾಫ್ ಹಾಳೆಯ ಮೇಲೆ ಬಿಂದು ಗುರುತಿಸುತ್ತೇವಲ್ಲ, ಅದೇ ಉಪಾಯ.

ಅಮೆರಿಕದಿಂದ ಮಗಳೋ ಅಳಿಯನೋ ಸೆಟ್ಟು ತಂದುಕೊಟ್ಟರೆ ಮಾತ್ರ ಎರಡು ವಿಷಯ ನೋಡಿ. ಅಲ್ಲಿನ ವಿದ್ಯುತ್ 120 ವೋಲ್ಟ್. ಆ ಅಡಾಪ್ಟರನ್ನು ನಮ್ಮ 230 ವೋಲ್ಟಿಗೆ ನೇರ ಚುಚ್ಚಿದರೆ ಸುಟ್ಟೀತು. ಎರಡನೆಯದಾಗಿ, ಅಮೆರಿಕದ ಡೆಕ್ಟ್ ಸೆಟ್ಟುಗಳ ಆವೃತ್ತಿ 1920ರಿಂದ 1930 ಮೆಗಾಹರ್ಟ್ಸ್. ಇಲ್ಲಿ ಅದು ಮೊಬೈಲ್ ಸೇವೆಗೆ ಮೀಸಲಾದ ಜಾಗ. ಪ್ರೀತಿಯ ಕೊಡುಗೆಯಾದರೂ ಅದನ್ನು ಇಲ್ಲಿ ಬಳಸುವುದು ಸರಿಯಲ್ಲ.

ಮೂರು ರೋಗ, ಒಂದೇ ನರಳಾಟ

ಈಗ ಕೆಟ್ಟ ಫೋನಿನ ಕಥೆಗೆ ಬರೋಣ. 2018ರ ಜುಲೈ. ಆಟಿ ತಿಂಗಳ ಮಳೆ ಹಿಡಿದು ಬಿಟ್ಟಿರಲಿಲ್ಲ. ನಮ್ಮ ಮನೆಯ ಹಿಂಬದಿಯಲ್ಲಿ ಒಂದು ಹಳೆಯ ಕೆಂಪುಕಲ್ಲಿನ ಮನೆಯಿದೆ. ಅಲ್ಲಿ ಎಪ್ಪತ್ತೆಂಟು ವರ್ಷದ ಹಿರಿಯರೊಬ್ಬರು ಒಬ್ಬರೇ ಇರುವುದು. ಮಗ ಮಸ್ಕತ್ತಿನಲ್ಲಿ. ಮಗಳ ಸಂಸಾರ ಕುಲಶೇಖರದಲ್ಲಿ. ಮೊಮ್ಮಗಳು ಆಗ ಎಂಟನೇ ತರಗತಿ. ಶಾಲೆ ಬಿಟ್ಟ ಮೇಲೆ ಅಜ್ಜಿಯ ಮನೆಗೆ ಬರುವ ಹುಡುಗಿ.

ಆ ತಿಂಗಳಲ್ಲಿ ಮೂರು ಬಾರಿ ಮಸ್ಕತ್ತಿನಿಂದ ನನ್ನ ಮೊಬೈಲಿಗೆ ಕರೆ ಬಂತು. “ಸರ್, ಅಮ್ಮ ಫೋನ್ ತೆಗೆಯುವುದಿಲ್ಲ. ರಿಂಗ್ ಆಗ್ತಾ ಉಂಟು. ಒಮ್ಮೆ ಹೋಗಿ ನೋಡ್ತೀರಾ?” ಸಾವಿರಾರು ಕಿಲೋಮೀಟರ್ ದೂರದಲ್ಲಿರುವ ಮಗನ ಸ್ವರದಲ್ಲಿ ಏನಿತ್ತೆಂದು ಹೇಳಬೇಕಾಗಿಲ್ಲ. ಕೊಡೆ ಹಿಡಿದು ಓಡಿ ಹೋಗಿ ನೋಡಿದರೆ ಅವರು ಆರಾಮವಾಗಿ ಕೂತು ಮಲ್ಲಿಗೆ ಕಟ್ಟುತ್ತಿದ್ದಾರೆ. “ಇದು ಕೂಗಲೇ ಇಲ್ಲ ಮಾರಾಯ್ರೆ” ಎಂದು ಹ್ಯಾಂಡ್‌ಸೆಟ್ ತೋರಿಸಿದರು. ಮಗನಿಗೆ ರಿಂಗ್ ಕೇಳುತ್ತದೆ, ತಾಯಿಗೆ ಕೇಳುವುದಿಲ್ಲ. ಯಾರ ಮಾತು ನಿಜ?

ಇಬ್ಬರದೂ ನಿಜ. ಕರೆ ಮಾಡಿದವರ ಕಿವಿಗೆ ಬೀಳುವ ‘ಟ್ರಿಂಗ್ ಟ್ರಿಂಗ್’ ನಿಮ್ಮ ಮನೆಯ ಫೋನಿನದಲ್ಲ. ಅದು ವಿನಿಮಯ ಕೇಂದ್ರವೇ ಕೇಳಿಸುವ ಸದ್ದು. ‘ಆ ಲೈನಿಗೆ ಗಂಟೆಯ ವಿದ್ಯುತ್ ಕಳಿಸುತ್ತಿದ್ದೇನೆ’ ಎಂದಷ್ಟೇ ಅದರ ಅರ್ಥ. ಮನೆಯೊಳಗೆ ಗಂಟೆ ಬಾರಿಸಿತೋ ಇಲ್ಲವೋ ಕೇಂದ್ರಕ್ಕೆ ತಿಳಿಯದು. ಇದೊಂದು ಸಂಗತಿ ಗೊತ್ತಿದ್ದರೆ ದೂರದಲ್ಲಿರುವ ಎಷ್ಟೋ ಮಕ್ಕಳ ಅರ್ಧ ಗಾಬರಿ ಕಡಿಮೆಯಾದೀತು.

ಆ ಫೋನಿನ ಮೇಲೆ ದೂರು ಮೂರಿತ್ತು. ಕೆಲವೊಮ್ಮೆ ರಿಂಗ್ ಆಗುವುದಿಲ್ಲ. ಆದರೆ ಎರಡು ನಿಮಿಷಕ್ಕೆ ಕಡಿದುಹೋಗುತ್ತದೆ. ಕಡಿಯದಿದ್ದರೆ ಚರಚರ ಸದ್ದು. ಮನೆಯ ಅಳಿಯ ಹೊಸ ಸೆಲ್ ತಂದು ಹಾಕಿದ್ದರು. ಮರುದಿನವೂ ರಿಂಗ್ ಆಗಲಿಲ್ಲ. ‘ಹಾಗಾದರೆ ಸೆಲ್ಲಿನ ತಪ್ಪಲ್ಲ’ ಎಂದು ಹೊಸದನ್ನು ತೆಗೆದು ಕಪಾಟಿನಲ್ಲಿಟ್ಟು, ಹಳೆಯದನ್ನೇ ತಿರುಗಿ ಹಾಕಿದ್ದರು. ಇನ್ನು ಸೆಟ್ಟು ಎಸೆಯುವುದೇ ಸರಿ ಎಂದು ಮನೆಯಲ್ಲಿ ತೀರ್ಮಾನವಾಗಿತ್ತು. ಮೊಮ್ಮಗಳು ಕೈಹಾಕಲು ಹೋದರೆ “ನೀನು ಮುಟ್ಟಬೇಡ, ಇದ್ದದ್ದೂ ಹಾಳಾಗ್ತದೆ” ಎಂದು ತಾಯಿ ಗದರಿದ್ದರು. “ಹೇಗೂ ಎಸೆಯುವುದಲ್ಲವಾ, ಒಂದು ದಿನ ಅವಳಿಗೆ ಕೊಡಿ” ಎಂದು ನಾನು ಕೇಳಿಕೊಂಡೆ.

ಹುಡುಗಿ ನೋಟ್‌ಬುಕ್ಕಿನಲ್ಲಿ ಒಂದು ಗೆರೆ ಎಳೆದು ಐದು ನಿಲ್ದಾಣ ಬರೆದಳು: ಹೊರಗಿನ ಲೈನು, ಗೋಡೆಯ ಪೆಟ್ಟಿಗೆ, ಬೇಸ್, ನಡುವಿನ ಗಾಳಿ, ಹ್ಯಾಂಡ್‌ಸೆಟ್. ಪ್ರತಿ ನಿಲ್ದಾಣಕ್ಕೂ ಬೇರೆ ಬೇರೆ ಪ್ರಶ್ನೆ ಕೇಳುವುದೆಂದು ನಿರ್ಧಾರವಾಯಿತು.

ಅಟ್ಟದಲ್ಲಿದ್ದ ಹಳೆಯ ತಂತಿಯ ಫೋನನ್ನು ಇಳಿಸಿ, ಕಾರ್ಡ್‌ಲೆಸ್ ಬಿಚ್ಚಿ, ಗೋಡೆಯ ಪೆಟ್ಟಿಗೆಗೆ ಅದನ್ನು ಜೋಡಿಸಿದೆವು. ಡಯಲ್ ಟೋನ್ ಇದೆ. ಆದರೆ ಚರಚರವೂ ಇದೆ. ಅಂದರೆ ಚರಚರಕ್ಕೂ ಕಾರ್ಡ್‌ಲೆಸ್ಸಿಗೂ ಸಂಬಂಧವಿಲ್ಲ! ಪೆಟ್ಟಿಗೆಯ ಮುಚ್ಚಳ ಬಿಚ್ಚಿದರೆ ಒಳಗೆ ಇರುವೆಗಳ ಸಂಸಾರ. ತಾಮ್ರದ ತುದಿಗೆ ಹಸಿರು ಕಿಲುಬು. ಕರಾವಳಿಯ ತೇವಕ್ಕೆ ಇದು ಹೊಸದಲ್ಲ. ಒಣ ಹಲ್ಲುಜ್ಜುವ ಬ್ರಷ್ಷಿನಲ್ಲಿ ಗುಡಿಸಿ, ಕಿಲುಬು ಹಿಡಿದ ತುದಿಯನ್ನು ಕತ್ತರಿಸಿ, ಹೊಸ ತುದಿ ಬಿಡಿಸಿ ತಿರುಪಿಗೆ ಬಿಗಿದೆವು. ಸದ್ದು ನಿಂತಿತು. ನನ್ನ ಮೊಬೈಲಿನಿಂದ ಕರೆ ಮಾಡಿದಾಗ ಹಳೆಯ ಫೋನು ಮನೆಯೆಲ್ಲ ಮೊಳಗುವಂತೆ ಕೂಗಿತು. ಎರಡು ನಿಲ್ದಾಣ ಪಾಸು.

ಈಗ ಕಾರ್ಡ್‌ಲೆಸ್ ತಿರುಗಿ ಜೋಡಿಸಿ ಬೇಸಿನ ಪಕ್ಕದಲ್ಲೇ ಹ್ಯಾಂಡ್‌ಸೆಟ್ ಹಿಡಿದು ಕರೆ ಮಾಡಿದೆವು. ರಿಂಗ್ ಆಯಿತು. ಬೇಸಿಗೂ ಹ್ಯಾಂಡ್‌ಸೆಟ್ಟಿಗೂ ಮಾತುಕತೆ ಇದೆ ಎಂದಾಯಿತು. ಹುಡುಗಿ ಹ್ಯಾಂಡ್‌ಸೆಟ್ ಹಿಡಿದು ಹೆಜ್ಜೆ ಎಣಿಸುತ್ತ ಅಡುಗೆಮನೆಯತ್ತ ನಡೆದಳು. ಒಂಬತ್ತನೇ ಹೆಜ್ಜೆಗೆ ‘ಕುಂಯ್’ ಎಂದು ಸಂಪರ್ಕ ತಪ್ಪಿತು. ಅಜ್ಜಿ ಹಗಲು ಕೂರುವ ಜಾಗ ಅದಕ್ಕೂ ಆಚೆ. ವಿಚಾರಿಸಿದರೆ, ಏಪ್ರಿಲಿನಲ್ಲಿ ಮನೆಗೆ ಸುಣ್ಣಬಣ್ಣ ಮಾಡಿಸಿದಾಗ ಪ್ಲಗ್ ಹತ್ತಿರವಿದೆಯೆಂದು ಬೇಸನ್ನು ಕಬ್ಬಿಣದ ಕಪಾಟಿನ ಹಿಂದಕ್ಕೆ ಸರಿಸಿದ್ದರು. ಎದುರಿಗೆ ಲೋಹ, ಅದರಾಚೆ ಮಳೆನೀರು ಕುಡಿದ ದಪ್ಪ ಕೆಂಪುಕಲ್ಲಿನ ಗೋಡೆ. ಒದ್ದೆ ಗೋಡೆ ಒಣ ಗೋಡೆಗಿಂತ ಹೆಚ್ಚು ಅಲೆಗಳನ್ನು ನುಂಗುತ್ತದೆ. ಬೇಸನ್ನು ಚಾವಡಿಯ ತೆರೆದ ಕಪಾಟಿಗೆ ತಂದು ಮತ್ತೆ ಎಣಿಸಿದೆವು: ಇಪ್ಪತ್ತಮೂರು ಹೆಜ್ಜೆ. ಬಾವಿಕಟ್ಟೆಯವರೆಗೂ!

ಉಳಿದದ್ದು ಎರಡು ನಿಮಿಷಕ್ಕೆ ಕಡಿಯುವುದು. ಬೇಸಿನ ಪಕ್ಕದಲ್ಲೇ ನಿಂತು ಮಾತಾಡಿದರೂ ಕಡಿಯಿತು. ಅಂದಮೇಲೆ ಗಾಳಿಯ ತಪ್ಪಲ್ಲ. ಶಾಲೆಯ ಮಲ್ಟಿಮೀಟರ್ ತಂದು ಅಳೆದರೆ ಒಂದು ಸೆಲ್ 1.26 ವೋಲ್ಟ್, ಇನ್ನೊಂದು 0.86. ಇಡೀ ರಾತ್ರಿ ಚಾರ್ಜಿನಲ್ಲಿದ್ದ ಸೆಲ್ ಹೀಗಿದ್ದರೆ ಅದರ ಆಯುಸ್ಸು ಮುಗಿದಂತೆ. ಎತ್ತಿನ ಜೋಡಿಯಲ್ಲಿ ಒಂದು ಕುಂಟಿದರೆ ಗಾಡಿ ನಿಲ್ಲುತ್ತದೆ. ಕಪಾಟಿನಲ್ಲಿದ್ದ ಹೊಸ ಸೆಲ್‌ಗಳನ್ನು ಹಾಕಿ ಚಾರ್ಜ್ ಮಾಡಿದೆವು. ಆ ಶುಕ್ರವಾರ ತಾಯಿ ಮಗ ಒಂದು ಗಂಟೆ ಮಾತಾಡಿದರು.

ಈಗ ಯೋಚಿಸಿ. ಅಳಿಯ ತಂದ ಸೆಲ್ ಸರಿಯಾದ ಮದ್ದೇ ಆಗಿತ್ತು. ಆದರೆ ರೋಗ ಮೂರಿದ್ದವು. ಒಂದಕ್ಕೆ ಮದ್ದು ಕೊಟ್ಟರೂ ಇನ್ನೆರಡು ನರಳಿಸುತ್ತಲೇ ಇದ್ದವು. ನರಳಾಟ ನಿಲ್ಲಲಿಲ್ಲವೆಂದು ಮದ್ದನ್ನೇ ಎಸೆದಂತಾಯಿತು. ನಮ್ಮ ಕರಾವಳಿಯ ಮಳೆಗಾಲದಲ್ಲಿ ತೊಂದರೆಗಳು ಒಂಟಿಯಾಗಿ ಬರುವುದು ಅಪರೂಪ. ಆದ್ದರಿಂದ ‘ಫೋನು ಸರಿಯಾಯಿತೇ?’ ಎಂಬ ಒಂದೇ ಪ್ರಶ್ನೆ ಸಾಲದು. ‘ಲೈನು ಸರಿಯಿದೆಯೇ? ಪೆಟ್ಟಿಗೆ ಸರಿಯಿದೆಯೇ? ಸೆಲ್ ಸರಿಯಿದೆಯೇ?’ ಎಂದು ಒಂದೊಂದು ಭಾಗವನ್ನೂ ಅದರದೇ ಪರೀಕ್ಷೆಗೆ ಒಡ್ಡಬೇಕು, ಉತ್ತರವನ್ನು ಬರೆದಿಡಬೇಕು. ಗಣಿತದಲ್ಲಿ ನಪಾಸಾದ ಹುಡುಗನಿಗೂ ಇದೇ ಮಾತು. ಅವನಿಗೆ ಬಾರದಿರುವುದು ಗಣಿತವಲ್ಲ. ಮಗ್ಗಿಯೋ, ಭಿನ್ನರಾಶಿಯೋ, ಪ್ರಶ್ನೆ ಓದಿ ಅರ್ಥಮಾಡಿಕೊಳ್ಳುವುದೋ, ಅಥವಾ ಮೂರೂ. ಮಗ್ಗಿ ಕಲಿತರೂ ಅಂಕ ಏರಲಿಲ್ಲವೆಂದು ಮಗ್ಗಿ ಬಿಡಿಸಿದರೆ ಹೇಗೆ?

ಮನೆಯಲ್ಲೇ ಮಾಡಬಹುದಾದ ಪರೀಕ್ಷೆ

ಆ ದಿನದ ಕ್ರಮವನ್ನು ಯಾರ ಮನೆಯಲ್ಲಾದರೂ ಅನುಸರಿಸಬಹುದು. ಮೊದಲು ಬೇಸಿನ ದೀಪ ಉರಿಯುತ್ತಿದೆಯೇ ನೋಡಿ. ಇಲ್ಲದಿದ್ದರೆ ಪ್ಲಗ್, ಅಡಾಪ್ಟರ್. ದೀಪವಿದ್ದು ಡಯಲ್ ಟೋನ್ ಇಲ್ಲದಿದ್ದರೆ ತಂತಿಯ ಫೋನೊಂದನ್ನು ಲೈನಿಗೆ ಹಾಕಿ ನೋಡಿ. ಅದರಲ್ಲೂ ಇಲ್ಲದಿದ್ದರೆ ಸೆಟ್ಟಿನ ತಪ್ಪಲ್ಲ, ಲೈನ್‌ಮನ್‌ಗೆ ತಿಳಿಸಿ. ಅದರಲ್ಲಿ ಇದ್ದರೆ, ಗೋಡೆಯಿಂದ ಬೇಸಿಗೆ ಹೋಗುವ ಸಣ್ಣ ತಂತಿಯನ್ನು ಬದಲಿಸಿ ನೋಡಿ. ಅದರ ತುದಿಯ ಪ್ಲಾಸ್ಟಿಕ್ ನಾಲಗೆ ಮುರಿದು ಸಡಿಲವಾಗುವುದು ತೀರ ಸಾಮಾನ್ಯ. ಬೇಸಿನ ಪಕ್ಕದಲ್ಲಿ ಚೆನ್ನಾಗಿ ಕೇಳಿ, ದೂರ ಹೋದಾಗ ತುಂಡಾದರೆ ಹೆಜ್ಜೆ ಎಣಿಸಿ, ಬೇಸಿನ ಜಾಗ ಬದಲಿಸಿ. ದೂರ ಎರಡರಷ್ಟಾದರೆ ಬಯಲಿನಲ್ಲೂ ತಲುಪುವ ಶಕ್ತಿ ನಾಲ್ಕನೇ ಒಂದಾಗುತ್ತದೆ. ಗೋಡೆಗಳಿದ್ದರೆ ಇನ್ನೂ ಕಡಿಮೆ. ಹತ್ತಿರದಲ್ಲೂ ಬೇಗ ಕಡಿದರೆ ಸೆಲ್ ನೋಡಿ. ಬದಲಿಸುವಾಗ ಎರಡನ್ನೂ ಒಟ್ಟಿಗೆ, ಒಂದೇ ಜಾತಿಯದನ್ನು ಹಾಕಿ. ಚಾರ್ಜ್ ಆಗುವ ಲೋಹದ ಚುಕ್ಕಿಗಳನ್ನು ಆಗಾಗ ಒಣ ಬಟ್ಟೆಯಿಂದ ಒರೆಸಿ. ಬೇಸನ್ನೂ ಹ್ಯಾಂಡ್‌ಸೆಟ್ಟನ್ನೂ ಒಮ್ಮೆ ಪೂರ್ತಿ ಆರಿಸಿ ಹಚ್ಚುವುದರಿಂದ, ಮತ್ತೆ ನೋಂದಣಿ ಮಾಡುವುದರಿಂದಲೂ ಕೆಲವು ತೊಂದರೆ ಹೋಗುತ್ತವೆ.

ಒಂದು ಎಚ್ಚರಿಕೆ. ತಾಮ್ರದ ದೂರವಾಣಿ ತಂತಿಯಲ್ಲಿ ಸುಮ್ಮನಿರುವಾಗ ಸುಮಾರು 48 ವೋಲ್ಟ್ ಇರುತ್ತದೆ. ರಿಂಗ್ ಆಗುವಾಗ ಅದರ ಮೇಲೆ 75 ವೋಲ್ಟಿನಷ್ಟು ಅಥವಾ ಇನ್ನೂ ಹೆಚ್ಚಿನ ಪರ್ಯಾಯ ವಿದ್ಯುತ್ ಬರುತ್ತದೆ. ಒದ್ದೆ ಕೈಯಲ್ಲಿ ಮುಟ್ಟಿದರೆ ಝುಮ್ ಎಂದೀತು. ಗೋಡೆಯ ಪೆಟ್ಟಿಗೆ ಬಿಚ್ಚುವಾಗ ಹಿರಿಯರು ಜತೆಗಿರಲಿ, ಕೈ ಒಣಗಿರಲಿ. ಅಡಾಪ್ಟರನ್ನಂತೂ ಯಾರೂ ಬಿಚ್ಚಬಾರದು. ಇನ್ನು ಸಿಡಿಲು. ಮಳೆಗಾಲದ ಮೊದಲೂ ಕೊನೆಯಲ್ಲೂ ನಮ್ಮ ಜಿಲ್ಲೆಯಲ್ಲಿ ಸಿಡಿಲಿನ ಆರ್ಭಟ ಜಾಸ್ತಿ. ಮೋಡ ಕವಿಯುವಾಗಲೇ ಬೇಸಿನ ಎರಡೂ ಬಾಲಗಳನ್ನು ಬಿಡಿಸಿಡಿ. ಕರೆಂಟಿನದನ್ನು ಮಾತ್ರ ತೆಗೆದು ಲೈನಿನದನ್ನು ಬಿಟ್ಟರೆ ಪ್ರಯೋಜನವಿಲ್ಲ. ತಾಮ್ರದ ತಂತಿ ಎಲ್ಲಿಯದೋ ಸಿಡಿಲನ್ನು ಮನೆಗೆ ತರಬಲ್ಲದು. ಗುಡುಗುವಾಗ ತಂತಿಯ ಫೋನಿನಲ್ಲಿ ಮಾತಾಡಲೇ ಬೇಡಿ.

ಗಾಜಿನ ಎಳೆ ಬಂದ ಮೇಲೆ

ಈಚಿನ ವರ್ಷಗಳಲ್ಲಿ ಅನೇಕ ಮನೆಗಳ ತಾಮ್ರದ ತಂತಿ ಹೋಗಿ ಗಾಜಿನ ಎಳೆ ಬಂದಿದೆ. ಇಂಟರ್‌ನೆಟ್ಟೂ ಫೋನೂ ಅದರಲ್ಲೇ. ಗೋಡೆಯ ಮೇಲೆ ದೀಪ ಮಿನುಗುವ ಒಂದು ಪೆಟ್ಟಿಗೆ ಕೂರಿಸುತ್ತಾರೆ. ಅದರ ಹಿಂದೆ ಫೋನಿಗೆಂದೇ ಇರುವ ಸಣ್ಣ ತೂತಿಗೆ ಕಾರ್ಡ್‌ಲೆಸ್ ಬೇಸಿನ ಲೈನು ಸಿಕ್ಕಿಸಬೇಕು. ಸಿಡಿಲಿನ ಭಯ ಸ್ವಲ್ಪ ಕಡಿಮೆಯಾಯಿತು, ಗಾಜು ವಿದ್ಯುತ್ತನ್ನು ಹರಿಸುವುದಿಲ್ಲ. ಕಿಲುಬಿನ ಚರಚರವೂ ಕಡಿಮೆ. ಆದರೆ ಅದೇ ಕಾರಣಕ್ಕೆ ಒಂದು ಸೌಲಭ್ಯವನ್ನೂ ಕಳಕೊಂಡೆವು. ತಾಮ್ರದ ಕಾಲದಲ್ಲಿ ಊರೆಲ್ಲ ಕತ್ತಲಾದರೂ ತಂತಿಯ ಫೋನು ಮಾತಾಡುತ್ತಿತ್ತು. ವಿನಿಮಯ ಕೇಂದ್ರದ ಬ್ಯಾಟರಿಗಳೇ ಅದಕ್ಕೆ ವಿದ್ಯುತ್ ಕಳಿಸುತ್ತಿದ್ದವು. ಗಾಜಿನಲ್ಲಿ ಬೆಳಕು ಬರುತ್ತದೆಯೇ ಹೊರತು ವಿದ್ಯುತ್ ಬರುವುದಿಲ್ಲ. ಮನೆಯ ಕರೆಂಟು ಹೋದರೆ ಆ ಪೆಟ್ಟಿಗೆಯೂ ಮಲಗುತ್ತದೆ, ಬೇಸೂ ಮಲಗುತ್ತದೆ.

ಅದರ ಅರ್ಥ ನಮ್ಮ ಬೀದಿಗೆ ತಿಳಿದದ್ದು 2023ರ ಮೇ ತಿಂಗಳಲ್ಲಿ, ಪತ್ತನಾಜೆಯ ಆಸುಪಾಸಿನಲ್ಲಿ. ಗಾಳಿಮಳೆಗೆ ಮರ ಬಿದ್ದು ರಾತ್ರಿಯೆಲ್ಲ ಕರೆಂಟಿರಲಿಲ್ಲ. ಹಿಂಬದಿ ಮನೆಯ ಅಮ್ಮನಿಗೆ ಮಧ್ಯರಾತ್ರಿ ತಲೆಸುತ್ತು ಬಂತು. ದಿಂಬಿನ ಬಳಿಯಿದ್ದ ಹ್ಯಾಂಡ್‌ಸೆಟ್ ತೆಗೆದು ಒತ್ತಿದರು. ಅದರ ದೀಪ ಉರಿಯಿತು, ಟೋನ್ ಬರಲಿಲ್ಲ. ಏಳಲು ಧೈರ್ಯವಾಗದೆ ಬೆಳಗಾಗುವವರೆಗೆ ಮಂಚದಲ್ಲೇ ಮಲಗಿದ್ದರು. ದೇವರ ದಯೆ, ಏನೂ ಆಗಲಿಲ್ಲ. ಬೆಳಿಗ್ಗೆ ವೈದ್ಯರು ನೋಡಿ ರಕ್ತದೊತ್ತಡದ ಮಾತ್ರೆ ಬದಲಿಸಿದರು. “ಫೋನ್ ಚೆನ್ನಾಗಿಯೇ ಇತ್ತಲ್ಲ ಮಾಷ್ಟ್ರೇ, ಆ ಹೊತ್ತಿಗೇ ಯಾಕೆ ಹಾಗಾಯಿತು?” ಎಂದು ಅವರು ಕೇಳಿದ್ದು ಈಗಲೂ ನೆನಪಿದೆ. ಫೋನು ಕೆಟ್ಟಿರಲಿಲ್ಲ. ಅದರ ಎರಡನೆಯ ಬಾಲಕ್ಕೆ ಊಟವಿರಲಿಲ್ಲ, ಅಷ್ಟೆ.

ಹಾಗಾಗಿ ವಯಸ್ಸಾದವರಿರುವ ಮನೆಗಳಲ್ಲಿ ಗಾಜಿನ ಎಳೆಯ ಪೆಟ್ಟಿಗೆ, ಕಾರ್ಡ್‌ಲೆಸ್ ಬೇಸ್ ಎರಡನ್ನೂ ಇನ್‌ವರ್ಟರಿನ ಪ್ಲಗ್ಗಿಗೆ ಹಾಕಿ. ಒಂದಕ್ಕೆ ಮಾತ್ರ ಹಾಕಿದರೆ ಸಾಲದು. ಇನ್‌ವರ್ಟರ್ ಇಲ್ಲದವರಿಗೆ ಈ ಪೆಟ್ಟಿಗೆಗಳಿಗೆಂದೇ ಸಣ್ಣ ಬ್ಯಾಟರಿ ಘಟಕಗಳು ಸಿಗುತ್ತವೆ. ಆದರೆ ಪೆಟ್ಟಿಗೆಗೆ ಸಾಮಾನ್ಯವಾಗಿ 12 ವೋಲ್ಟ್ ಬೇಕು, ಕಾರ್ಡ್‌ಲೆಸ್ ಬೇಸಿಗೆ ಅದಕ್ಕಿಂತ ಕಡಿಮೆ. ಅಡಾಪ್ಟರಿನ ಮೇಲೆ ಬರೆದದ್ದನ್ನು ಓದಿಯೇ ಜೋಡಿಸಿ. ಎಲ್ಲ ಆದ ಮೇಲೆ ಮೈನ್ ಸ್ವಿಚ್ ಆರಿಸಿ ಒಂದು ಕರೆ ಮಾಡಿ ನೋಡಿ. ಪರೀಕ್ಷೆ ಮಾಡದೆ ‘ಸರಿಯಾಗಿದೆ’ ಎನ್ನುವುದು ಬೇಡ. ಹ್ಯಾಂಡ್‌ಸೆಟ್ಟಿನ ಒಂದು ಗುಂಡಿಗೆ ಹತ್ತಿರದ ಮನೆಯ ನಂಬರ್, ಇನ್ನೊಂದಕ್ಕೆ 108 ಅಥವಾ 112 ತುಂಬಿಡಿ. ಜತೆಗೆ ಗುಂಡಿಯಿರುವ ಒಂದು ಸಣ್ಣ ಮೊಬೈಲೂ ಚಾರ್ಜ್ ಆಗಿ ಮಂಚದ ಬಳಿ ಇರಲಿ.

ಹೆತ್ತವರಲ್ಲಿ ಒಂದು ಮಾತು

ಮನೆಯಲ್ಲಿ ಯಾವುದಾದರೂ ಕೆಟ್ಟೊಡನೆ ಮಕ್ಕಳಿಗೆ ನಾವು ಹೇಳುವ ಮೊದಲ ಮಾತು ‘ಮುಟ್ಟಬೇಡ’. ಮಿಕ್ಸಿಗೂ ಫ್ಯಾನಿಗೂ ಆ ಮಾತು ಸರಿ. ಅಲ್ಲಿ 230 ವೋಲ್ಟ್ ಇದೆ. ಆದರೆ ಸೆಲ್ ಬದಲಿಸುವುದು, ಹೆಜ್ಜೆ ಎಣಿಸುವುದು, ತಂತಿ ಬದಲಿಸಿ ನೋಡುವುದು, ಬರೆದಿಡುವುದು ಇವಕ್ಕೆ ಆ ನಿಷೇಧ ಬೇಡ. ಪ್ರಯೋಗಶಾಲೆಯಲ್ಲಿ ಉತ್ತರ ಮೊದಲೇ ಗೊತ್ತಿರುವ ಪ್ರಯೋಗವನ್ನು ನಾವು ಮಾಡಿಸುತ್ತೇವೆ. ಕೆಟ್ಟ ಫೋನಿನ ಉತ್ತರ ಯಾವ ಗೈಡಿನಲ್ಲೂ ಇರುವುದಿಲ್ಲ, ಮಗು ತಾನೇ ಕಂಡುಕೊಳ್ಳಬೇಕು. ಅಂದು ಹೆಜ್ಜೆ ಎಣಿಸಿದ ಹುಡುಗಿ ವಿಜ್ಞಾನ ತೆಗೆದುಕೊಳ್ಳಲಿಲ್ಲ, ಬಿ.ಕಾಂ. ಸೇರಿದಳು. ಅದರಿಂದ ನಷ್ಟವೇನಿಲ್ಲ. ಅಜ್ಜಿಯ ಮನೆಯ ಪೆಟ್ಟಿಗೆಗೂ ಬೇಸಿಗೂ ಬ್ಯಾಟರಿ ಜೋಡಿಸಿ, ಮೈನ್ ಸ್ವಿಚ್ ಆರಿಸಿ, ಮಸ್ಕತ್ತಿಗೆ ಕರೆ ಮಾಡಿ ನೋಡಿದವಳು ಅವಳೇ.

ಈ ವಾರ ನಿಮ್ಮ ಮಗ ಅಥವಾ ಮಗಳ ಕೈಗೆ ಒಂದು ನೋಟ್‌ಬುಕ್ ಕೊಟ್ಟು ಅಜ್ಜ ಅಜ್ಜಿಯ ಮನೆಗೆ ಕಳಿಸಿ. ಅವರ ಫೋನು ಎಲ್ಲೆಲ್ಲಿ ಕೇಳುತ್ತದೆ, ಎಲ್ಲಿ ಕೇಳುವುದಿಲ್ಲ, ಕರೆಂಟು ಹೋದರೆ ಏನಾಗುತ್ತದೆ ಎಂದು ಬರೆದು ತರಲಿ. ಸಿಡಿಲು ಗುಡುಗು ಇಲ್ಲದ ದಿನ ನೋಡಿ ಕಳಿಸಿದರಾಯಿತು.